ಡೆನ್ವರ್ ಚಳಿಗಾಲ: ಬಿಸಿಲೂರಿಗೆ ಹೊಸದಾಗಿ ಬಂದವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ಗೆ ಕೆಲಸ ಸಿಕ್ಕಿ ಹೊರಟವರಿಗೆ ಮೊದಲು ಕಿವಿಗೆ ಬೀಳುವುದು ‘ಅಲ್ಲಿ ವರ್ಷಕ್ಕೆ 300 ದಿನ ಬಿಸಿಲು’ ಎಂಬ ಮಾತು. ಅದು ಊರಿನ ಹಳೆಯ ಜಾಹೀರಾತಿನ ಮಾತು. ಹವಾಮಾನದ ಲೆಕ್ಕದಲ್ಲಿ ಪೂರ್ತಿ ತಿಳಿಯಾದ ದಿನಗಳು ಸುಮಾರು 115, ಅರೆಮೋಡದ ದಿನಗಳು ಸುಮಾರು 130. ಹಾಗಿದ್ದರೂ ಬಿಸಿಲು ಧಾರಾಳ, ಅದರಲ್ಲಿ ಮೋಸವಿಲ್ಲ. ಜನವರಿಯಲ್ಲಿ ಹಗಲಿನ ಸರಾಸರಿ ಗರಿಷ್ಠ 7 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿಯದು ಸೊನ್ನೆಗಿಂತ 8 ಡಿಗ್ರಿ ಕೆಳಗೆ. ಶಿಕಾಗೋ, ಮಿನಿಯಾಪೊಲಿಸ್ ಕಡೆಯವರು ಹೇಳುವ ತಿಂಗಳುಗಟ್ಟಲೆ ಬೂದುಬಣ್ಣದ ಆಕಾಶ ಇಲ್ಲಿಲ್ಲ.

ಇಲ್ಲಿ ಕಾಡುವುದು ಏರಿಳಿತ. ಹಗಲು ಬಿಸಿಲಿಗೆ ಹಿಮ ಕರಗುತ್ತದೆ, ಸಂಜೆ ಅದೇ ನೀರು ಗಾಜಿನಂತೆ ಗಟ್ಟಿಯಾಗುತ್ತದೆ, ಬೆಳಿಗ್ಗೆ ಅದರ ಮೇಲೆ ಕಾಲಿಟ್ಟವರು ಬೀಳುತ್ತಾರೆ. ಬಿಸಿಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತಿಗೆ ಬೀಳುತ್ತದೆ, ಎಲ್ಲಿ ಬೀಳುವುದೇ ಇಲ್ಲ ಎಂಬುದನ್ನು ಗಮನಿಸಲು ಕಲಿತರೆ ಇಲ್ಲಿನ ಚಳಿಗಾಲದ ಮುಕ್ಕಾಲು ಪಾಲು ಕೈಗೆ ಸಿಕ್ಕಂತೆ.

ತಿಂಗಳುಗಳ ಲೆಕ್ಕ

ಮೊದಲ ಹಿಮ ಸರಾಸರಿ ಅಕ್ಟೋಬರ್ ಮೂರನೆಯ ವಾರ, ಕೊನೆಯದು ಏಪ್ರಿಲ್ ಕೊನೆಯ ವಾರ. ಆದರೆ ಈ ಸರಾಸರಿಯನ್ನು ನಂಬಿ ಕೂರುವಂತಿಲ್ಲ. 2020ರ ಸೆಪ್ಟೆಂಬರ್ 7ರಂದು ಡೆನ್ವರ್‌ನಲ್ಲಿ 34 ಡಿಗ್ರಿ ಬಿಸಿಲಿತ್ತು, ಮರುದಿನವೇ ಹಿಮ ಬಿತ್ತು. ಮರುವರ್ಷ 2021ರಲ್ಲಿ ಡಿಸೆಂಬರ್ 10ರವರೆಗೆ ಅಳೆಯುವಷ್ಟು ಹಿಮವೇ ಬೀಳಲಿಲ್ಲ. ದಾಖಲೆಯಲ್ಲೇ ಅಷ್ಟು ತಡವಾದದ್ದು ಅದೊಂದೇ.

ಒಂದು ಹಂಗಾಮಿಗೆ ಬೀಳುವುದು ಒಟ್ಟು 56 ಇಂಚಿನಷ್ಟು. ‘ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಹೋಗುತ್ತದೆ’ ಎಂಬ ನಮ್ಮ ಗಾದೆಯನ್ನು ಇಲ್ಲಿ ಪಕ್ಕಕ್ಕಿಡಬೇಕು. ಸರಾಸರಿಯಲ್ಲಿ ಅತಿ ಹೆಚ್ಚು ಹಿಮ ಬೀಳುವ ತಿಂಗಳು ಮಾರ್ಚ್. 2003ರ ಮಾರ್ಚ್ 17ರಿಂದ 19ರವರೆಗೆ 31.8 ಇಂಚು, 2021ರ ಮಾರ್ಚ್ ಮಧ್ಯದಲ್ಲಿ 27.1 ಇಂಚು ಬಿತ್ತು. ಯುಗಾದಿಯ ದಿನ ಶವಲ್ ಹಿಡಿದು ಹಿಮ ಬಾಚುವುದು ಇಲ್ಲಿ ಅಪರೂಪವಲ್ಲ. ಫೆಬ್ರವರಿಯಲ್ಲಿ ಎರಡು ವಾರ ಬೆಚ್ಚಗಿತ್ತೆಂದು ಜಾಕೆಟ್, ಬೂಟು ಅಟ್ಟಕ್ಕೆ ಹಾಕಬೇಡಿ, ಚಳಿಗಾಲದ ಟೈರ್ ಬಿಚ್ಚಿಸಬೇಡಿ.

ಹವಾಮಾನ ವರದಿಯಲ್ಲಿ ಎರಡು ಗಾಳಿಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ‘ಅಪ್‌ಸ್ಲೋಪ್’ ಎಂದರೆ ಪೂರ್ವ ಅಥವಾ ಈಶಾನ್ಯದ ಬಯಲಿನಿಂದ ಬೆಟ್ಟದ ಕಡೆಗೆ ಬೀಸುವ ಗಾಳಿ. ತೇವ ಹೊತ್ತು ಬಂದು ರಾಕಿ ಬೆಟ್ಟಗಳ ಬುಡದಲ್ಲಿ ಮೇಲೇರಿ ತಣ್ಣಗಾಗಿ ಹಿಮ ಸುರಿಸುತ್ತದೆ. ಊರಿಗೆ ದೊಡ್ಡ ಹಿಮ ಬರುವುದು ಇದರಿಂದಲೇ. ‘ಶಿನೂಕ್’ ಎಂದರೆ ಪಶ್ಚಿಮದಿಂದ ಬೆಟ್ಟ ದಾಟಿ ಕೆಳಗಿಳಿಯುವ ಒಣಗಾಳಿ. ಇಳಿಯುತ್ತಾ ಬಿಸಿಯಾಗಿ ಒಂದೇ ಮಧ್ಯಾಹ್ನದಲ್ಲಿ ಹಿಮವನ್ನೆಲ್ಲ ಕುಡಿದುಬಿಡುತ್ತದೆ. ಬೆಟ್ಟದ ಬುಡದ ಊರುಗಳಲ್ಲಿ ಈ ಪಡುಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2021ರ ಡಿಸೆಂಬರ್ 30ರಂದು ಬೋಲ್ಡರ್ ಕೌಂಟಿಯ ಸುಪೀರಿಯರ್, ಲೂಯಿವಿಲ್ ಊರುಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆ ಸುಟ್ಟ ಮಾರ್ಷಲ್ ಬೆಂಕಿ ಹರಡಿದ್ದು ಒಣಗಿದ ಹುಲ್ಲಿನ ಮೇಲೆ ಬೀಸಿದ ಇಂಥ ಗಾಳಿಯಿಂದ. ಹಿಮವಿಲ್ಲದ ಚಳಿಗಾಲದಲ್ಲೂ ಕೌಂಟಿಯ ತುರ್ತು ಸಂದೇಶಗಳಿಗೆ ಫೋನ್ ನಂಬರ್ ನೋಂದಾಯಿಸಿ. ಪಾಸ್‌ಪೋರ್ಟ್, ವೀಸಾ ಕಾಗದಗಳನ್ನೆಲ್ಲ ಒಂದೇ ಚೀಲದಲ್ಲಿಡಿ.

ಥರ್ಮಾಮೀಟರ್ ಎಲ್ಲೆಡೆ ಫ್ಯಾರನ್‌ಹೀಟ್‌ನಲ್ಲಿರುತ್ತದೆ. ಐದು ಅಂಕಿ ಬಾಯಿಪಾಠ ಮಾಡಿದರೆ ಸಾಕು: 68 ಅಂದರೆ 20 ಡಿಗ್ರಿ ಸೆಲ್ಸಿಯಸ್, 50 ಅಂದರೆ 10, 32 ಅಂದರೆ ನೀರು ಹೆಪ್ಪುಗಟ್ಟುವ ಸೊನ್ನೆ, 20 ಅಂದರೆ ಮೈನಸ್ 7, ಸೊನ್ನೆ ಫ್ಯಾರನ್‌ಹೀಟ್ ಅಂದರೆ ಮೈನಸ್ 18.

ಮನೆ ನೋಡುವಾಗಲೇ ಯೋಚಿಸಬೇಕಾದ ದಿಕ್ಕು

ನಮ್ಮವರು ಮನೆ ನೋಡುವಾಗ ಉತ್ತರ ಅಥವಾ ಪೂರ್ವದ ಬಾಗಿಲು ಹುಡುಕುತ್ತಾರೆ. ನಂಬಿಕೆ ಅವರವರದು, ಆದರೆ ಇಲ್ಲಿ ಅದರ ಜೊತೆಗೆ ಇನ್ನೊಂದು ಲೆಕ್ಕ ಹಾಕಿಕೊಳ್ಳಲೇಬೇಕು. ಡಿಸೆಂಬರ್ 21ರಂದು ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಡೆನ್ವರ್‌ನಲ್ಲಿ 27 ಡಿಗ್ರಿ ಮಾತ್ರ. ಎರಡು ಅಂತಸ್ತಿನ, 8 ಮೀಟರ್ ಎತ್ತರದ ಮನೆಯ ನೆರಳು ಆಗ ಉತ್ತರಕ್ಕೆ 15 ಮೀಟರ್‌ಗೂ ಮೀರಿ ಚಾಚುತ್ತದೆ. ಆರೇಳು ಮೀಟರ್ ಉದ್ದದ ಡ್ರೈವ್‌ವೇ ಪೂರ್ತಿ ಆ ನೆರಳಿನಲ್ಲಿ ಮುಳುಗುತ್ತದೆ.

ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿದ ಮನೆಯ ಮುಂದೆ ಐದಾರು ಇಂಚು ಹಿಮ ಎರಡು ದಿನದಲ್ಲಿ ತಾನಾಗಿ ಒಣಗಿದರೆ, ರಸ್ತೆಯ ಎದುರು ಬದಿಯ ಉತ್ತರಮುಖದ ಮನೆಯ ಮುಂದೆ ಅದೇ ಹಿಮ ಐಸಾಗಿ ಮೂರು ನಾಲ್ಕು ವಾರ ಅಲ್ಲೇ ಕೂರುತ್ತದೆ. ಪೂರ್ವಮುಖದ್ದು ಪರವಾಗಿಲ್ಲ, ಬೆಳಗಿನ ಬಿಸಿಲು ಸಿಗುತ್ತದೆ. ಉತ್ತರಮುಖದ ಮನೆಯೇ ಬೇಕೆಂದರೆ ಖಂಡಿತ ತೆಗೆದುಕೊಳ್ಳಿ. ಹಿಮ ನಿಂತ ಗಂಟೆಯೊಳಗೆ ಬಾಚುವ ನಿಯಮ ಮಾಡಿಕೊಳ್ಳಿ, ಐಸ್ ಕರಗಿಸುವ ಉಪ್ಪು ಎರಡು ಚೀಲ ಹೆಚ್ಚು ತಂದಿಡಿ. ಬಾಡಿಗೆ ಅಪಾರ್ಟ್‌ಮೆಂಟ್ ಆದರೆ ಮೆಟ್ಟಿಲು ಹೊರಗಿದೆಯೇ, ಯಾವ ದಿಕ್ಕಿಗಿದೆ, ಕಾರು ನಿಲ್ಲಿಸುವ ಜಾಗಕ್ಕೆ ಸೂರು ಇದೆಯೇ ಎಂದು ನೋಡಿ.

ಸೂರಿನ ನೀರಿನ ಪೈಪು ಎಲ್ಲಿ ಬಿಡುತ್ತದೆ ಎಂಬುದನ್ನೂ ನೋಡಿ. ಬಹಳ ಜನ ಬೀಳುವುದು ಇಲ್ಲೇ. ಛಾವಣಿಯ ಹಿಮ ಮಧ್ಯಾಹ್ನ ಕರಗಿ, ಪೈಪಿನಿಂದ ಸಣ್ಣಗೆ ಜಿನುಗಿ, ಬಾಗಿಲಿನ ಮುಂದಿನ ಕಾಂಕ್ರೀಟಿನ ಮೇಲೆ ಅಂಗೈ ಅಗಲದ ಪಟ್ಟಿಯಾಗಿ ಹರಿಯುತ್ತದೆ. ಸಂಜೆ ಐದಕ್ಕೆ ಅದು ಒದ್ದೆಯಂತೆ ಕಾಣುತ್ತದೆ, ಏಳಕ್ಕೆ ಐಸಾಗಿರುತ್ತದೆ, ಬಣ್ಣವಿಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಪೈಪಿಗೆ ಒಂದೂವರೆ ಮೀಟರ್ ಉದ್ದದ ಹೆಚ್ಚುವರಿ ಕೊಳವೆ ಜೋಡಿಸಿ ನೀರನ್ನು ಹುಲ್ಲಿನ ಕಡೆಗೆ ತಿರುಗಿಸಿದರೆ ಮುಗಿಯಿತು.

ಅಕ್ಟೋಬರ್ ಮೊದಲ ವಾರದೊಳಗೆ ಮುಗಿಸಬೇಕಾದ ಕೆಲಸ

1. ತೋಟದ ಸ್ಪ್ರಿಂಕ್ಲರ್ ಪೈಪುಗಳಲ್ಲಿ ಉಳಿದ ನೀರನ್ನು ಕಂಪ್ರೆಸರ್ ಗಾಳಿಯಿಂದ ಹೊರಗೆ ಊದಿಸಬೇಕು. ಇದಕ್ಕೆ ಜನ ಸಿಗುತ್ತಾರೆ, ಸೆಪ್ಟೆಂಬರ್‌ನಲ್ಲೇ ದಿನ ಗೊತ್ತುಮಾಡಿ. ಗೋಡೆಯ ಹೊರಗೆ ಎದ್ದುಕೊಂಡಿರುವ ಹಿತ್ತಾಳೆಯ ‘ಬ್ಯಾಕ್‌ಫ್ಲೋ’ ಭಾಗ (ನೀರು ಹಿಂದಕ್ಕೆ ಹರಿಯದಂತೆ ತಡೆಯುವುದು) ಎಲ್ಲಕ್ಕಿಂತ ಮೊದಲು ಒಡೆಯುತ್ತದೆ. ಅಷ್ಟರೊಳಗೆ ಒಂದು ರಾತ್ರಿ ಚಳಿ ಬಂದರೆ ಅದಕ್ಕೆ ದಪ್ಪ ಟವೆಲ್ ಸುತ್ತಿ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿ.

2. ಹೊರಗಿನ ನಲ್ಲಿಗೆ ಸಿಕ್ಕಿಸಿದ ಹೋಸ್ ಬಿಚ್ಚಿಡಿ. ಬಿಚ್ಚದಿದ್ದರೆ ನಲ್ಲಿಯೊಳಗೆ ನೀರು ನಿಂತು, ಹೆಪ್ಪುಗಟ್ಟಿ, ಗೋಡೆಯ ಒಳಗಡೆ ಪೈಪು ಸೀಳುತ್ತದೆ. ಮುಂದಿನ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದಾಗ ಬೇಸ್‌ಮೆಂಟ್ ಒದ್ದೆಯಾಗುವವರೆಗೂ ಗೊತ್ತಾಗುವುದಿಲ್ಲ.

3. ಮನೆಯ ಮುಖ್ಯ ನೀರಿನ ವಾಲ್ವ್ ಎಲ್ಲಿದೆ ಎಂದು ಮನೆಮಂದಿಗೆಲ್ಲ ತೋರಿಸಿ, ಒಂದು ಸಲ ತಿರುಗಿಸಿ ನೋಡಿ.

4. ಮನೆ ಬಿಸಿಮಾಡುವ ಫರ್ನೆಸ್‌ನ ಫಿಲ್ಟರ್ ಬದಲಿಸಿ. ಚಳಿಗಾಲದಲ್ಲಿ ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಬೆಚ್ಚಗಿರುವಾಗಲೇ ಒಮ್ಮೆ ಹೊತ್ತಿಸಿ ನೋಡಿ. ಮೊದಲ ದಿನ ಸುಟ್ಟ ಧೂಳಿನ ವಾಸನೆ ಬರುವುದು ಸಹಜ.

5. ಮಲಗುವ ಕೋಣೆಗಳ ಹತ್ತಿರ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ನ ಅಲಾರಂ ಇರಬೇಕೆಂದು ಕೊಲರಾಡೋ ಕಾನೂನೇ ಹೇಳುತ್ತದೆ. ಗುಂಡಿ ಒತ್ತಿ ಪರೀಕ್ಷಿಸಿ.

6. ಕರಿಬೇವು, ತುಳಸಿ, ಮಲ್ಲಿಗೆ ಕುಂಡಗಳನ್ನು ಒಳಗೆ ತನ್ನಿ. ಇದಕ್ಕೆ ಮಾತ್ರ ಅಕ್ಟೋಬರ್‌ವರೆಗೆ ಕಾಯಬೇಡಿ. ರಾತ್ರಿಯ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತಿದ್ದಂತೆ ತಂದು ದಕ್ಷಿಣದ ಕಿಟಕಿಯ ಬಳಿ, ಬಿಸಿಗಾಳಿ ಬರುವ ಕಿಂಡಿಯಿಂದ ದೂರ ಇಡಿ. ಕರಿಬೇವು ಚಳಿಗಾಲದಲ್ಲಿ ಎಲೆ ಉದುರಿಸಿ ಸತ್ತಂತೆ ಕಾಣುತ್ತದೆ. ಆಗ ಹೆದರಿ ನೀರು ಹೆಚ್ಚಿಸಿದರೆ ಬೇರು ಕೊಳೆತು ನಿಜಕ್ಕೂ ಸಾಯುತ್ತದೆ.

ಒಳಗಿನ ತಾಪಮಾನ 20 ಡಿಗ್ರಿಗೆ ಇಟ್ಟರೆ ಸಾಕು. ಊರಿಗೆ ಹೋಗುವಾಗ ಬಿಲ್ ಉಳಿಸಲು ಫರ್ನೆಸ್ ಆರಿಸಿಬಿಡುವವರಿದ್ದಾರೆ, ದಯವಿಟ್ಟು ಆ ತಪ್ಪು ಮಾಡಬೇಡಿ. 13 ಡಿಗ್ರಿಗಿಂತ ಕಡಿಮೆ ಮಾಡದೆ, ನೀರಿನ ಮುಖ್ಯ ವಾಲ್ವ್ ಮುಚ್ಚಿ ಹೋಗಿ. ಹೊರಗೆ ಮೈನಸ್ 10ಕ್ಕಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ನಲ್ಲಿಯನ್ನು ಪೆನ್ಸಿಲ್ ಸೀಸದಷ್ಟು ತೆಳ್ಳಗೆ ಹರಿಯಲು ಬಿಡಿ. 2022ರ ಡಿಸೆಂಬರ್ 21ರಂದು ಡೆನ್ವರ್ ವಿಮಾನ ನಿಲ್ದಾಣದಲ್ಲಿ ಒಂದೇ ಗಂಟೆಯಲ್ಲಿ 42 ಡಿಗ್ರಿ ಫ್ಯಾರನ್‌ಹೀಟ್‌ನಿಂದ 5ಕ್ಕೆ ಕುಸಿಯಿತು, ಮರುದಿನ ಮೈನಸ್ 24 ಫ್ಯಾರನ್‌ಹೀಟ್, ಅಂದರೆ ಮೈನಸ್ 31 ಸೆಲ್ಸಿಯಸ್ ತಲುಪಿತು. ಇಂಥ ಚಳಿ ಕೆಲವು ವರ್ಷಗಳಿಗೊಮ್ಮೆ ಎರಡು ಮೂರು ದಿನದ ಮಟ್ಟಿಗೆ ಬಂದು ಹೋಗುತ್ತದೆ. ಪೈಪು ಒಡೆಯುವುದು ಆ ದಿನಗಳಲ್ಲೇ.

ನಡುರಾತ್ರಿ ಫರ್ನೆಸ್ ನಿಂತರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ನಾಲ್ಕು ನೋಡಿ: ಫಿಲ್ಟರ್ ಕಟ್ಟಿಕೊಂಡಿದೆಯೇ, ಥರ್ಮೋಸ್ಟಾಟ್‌ನ ಬ್ಯಾಟರಿ ಮುಗಿದಿದೆಯೇ, ಬ್ರೇಕರ್ ಬಿದ್ದಿದೆಯೇ, ಫರ್ನೆಸ್‌ನ ಹೊಗೆ ಹೊರಹೋಗಲು ಮನೆಯ ಹೊರಗೋಡೆಯಲ್ಲಿರುವ ಬಿಳಿ ಪ್ಲಾಸ್ಟಿಕ್ ಕೊಳವೆಗಳ ಬಾಯಿ ಹಿಮದಿಂದ ಮುಚ್ಚಿದೆಯೇ. ಕೊನೆಯದು ಜೀವಕ್ಕೇ ಅಪಾಯ. ಗಾಳಿಗೆ ಹಿಮ ರಾಶಿಬಿದ್ದ ಮೇಲೆಲ್ಲ ಆ ಕೊಳವೆಗಳ ಸುತ್ತ ಬಾಚಿ ಬಿಡಿಸಿ.

ಹಿಮ ಬಾಚುವ ಕ್ರಮ

ಡೆನ್ವರ್ ನಗರದಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆಯ ಮುಂದಿನ ಕಾಲುದಾರಿ ಬಾಚುವುದು ನಿವಾಸಿಯ ಹೊಣೆ. ಅಂಗಡಿಗಳಿಗೆ ಸಿಗುವುದು ನಾಲ್ಕೇ ಗಂಟೆ. ಸುತ್ತಲಿನ ಊರುಗಳಿಗೆ ಅವುಗಳದೇ ನಿಯಮಗಳಿವೆ. ಬಾಡಿಗೆ ಮನೆಯಾದರೆ ಈ ಕೆಲಸ ಯಾರದೆಂದು ಕರಾರಿನಲ್ಲಿ ಓದಿಕೊಳ್ಳಿ. ನಗರದ ಪ್ಲೌ ಗಾಡಿಗಳು ಮೊದಲು ಬಾಚುವುದು ಮುಖ್ಯ ರಸ್ತೆಗಳನ್ನು. ಒಳಬೀದಿಗೆ ಬಂದರೂ ಮೇಲಿನ ಕೆಲವು ಇಂಚು ತೆಗೆದು ಹೋಗುತ್ತವೆ, ಡಾಂಬರು ಕಾಣುವ ತನಕ ಬಾಚುವುದಿಲ್ಲ.

ಕಾರನ್ನು ಹಿಮದ ಮೇಲೆ ಹತ್ತಿಸುವ ಮುನ್ನ ಬಾಚಬೇಕು. ಚಕ್ರ ಒಮ್ಮೆ ಹಾದರೆ ಆ ಎರಡು ಗೆರೆ ಒತ್ತಿ ಐಸಾಗುತ್ತದೆ, ಆಮೇಲೆ ಶವಲ್‌ಗೆ ಬಗ್ಗುವುದಿಲ್ಲ. ಆರು ಇಂಚಿಗಿಂತ ಹೆಚ್ಚು ಬೀಳುವ ಸೂಚನೆಯಿದ್ದರೆ ಬೀಳುವಾಗಲೇ ನಾಲ್ಕು ಇಂಚಿಗೊಮ್ಮೆ ಬಾಚಿ. ಹೊರುವುದಕ್ಕಿಂತ ತಳ್ಳಿ. ಎತ್ತಲೇಬೇಕಾದರೆ ಸೊಂಟದಿಂದಲ್ಲ, ಮಂಡಿ ಬಗ್ಗಿಸಿ ಎತ್ತಿ, ಮೈ ತಿರುಚಿ ಎಸೆಯಬೇಡಿ. ಡಿಸೆಂಬರ್, ಜನವರಿಯ ಹಿಮ ಹತ್ತಿಯಂತೆ ಹಗುರ, ಎರಡು ಇಂಚಿದ್ದರೆ ಪೊರಕೆಯಲ್ಲೇ ಗುಡಿಸಬಹುದು. ಮಾರ್ಚ್, ಏಪ್ರಿಲ್‌ನದು ನೆನೆದ ಹಿಟ್ಟಿನ ಹಾಗೆ ಭಾರ. ಹೃದಯದ ತೊಂದರೆ ಇರುವವರು, ಊರಿಂದ ಬಂದ ಅಪ್ಪ ಅಮ್ಮ ಇದಕ್ಕೆ ಕೈಹಾಕಬಾರದು.

ಬಾಚಿದ ಹಿಮ ಎಲ್ಲಿ ಹಾಕುತ್ತೀರಿ ಎಂಬುದಕ್ಕೆ ಮಹತ್ವವಿದೆ. ದಾರಿಗಿಂತ ಎತ್ತರದ ಬದಿಗೆ ರಾಶಿ ಹಾಕಿದರೆ ಹಗಲು ಕರಗಿದ ನೀರು ದಾರಿಯ ಮೇಲೇ ಹರಿದು ರಾತ್ರಿ ಐಸಾಗುತ್ತದೆ. ಇಳಿಜಾರಿನ ಕೆಳಬದಿಯ ಹುಲ್ಲಿಗೆ ಹಾಕಿ. ಕಪ್ಪು ಡಾಂಬರಾಗಲಿ ಬೂದು ಕಾಂಕ್ರೀಟಾಗಲಿ, ಅಲ್ಲಲ್ಲಿ ಅಂಗೈಯಗಲ ಕಂಡರೂ ಸಾಕು, ಬಿಸಿಲು ಅಲ್ಲಿಂದ ಸುತ್ತಲೂ ಕರಗಿಸಿಕೊಂಡು ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತರೊಳಗೆ ನೆಲ ಕಾಣುವಂತೆ ಕೆರೆದುಬಿಟ್ಟರೆ ಮಿಕ್ಕದ್ದನ್ನು ಬಿಸಿಲೇ ನೋಡಿಕೊಳ್ಳುತ್ತದೆ.

ಉಪ್ಪಿನ ವಿಷಯಕ್ಕೆ ಬಂದರೆ, ಅಗ್ಗದ ಕಲ್ಲುಪ್ಪು ಮೈನಸ್ 9 ಡಿಗ್ರಿಯವರೆಗೆ ಕೆಲಸ ಮಾಡುತ್ತದೆ. ಅದಕ್ಕಿಂತ ಕೆಳಗೆ ಮೆಗ್ನೀಷಿಯಂ ಕ್ಲೋರೈಡ್, ತೀರಾ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಬಾಚಿದ ಮೇಲೆ ತೆಳುವಾಗಿ ಚೆಲ್ಲಿ, ಕಾಳು ಕಾಳು ಬೇರೆ ಬೇರೆ ಕಾಣಬೇಕು. ಒಂದು ವರ್ಷ ತುಂಬದ ಹೊಸ ಕಾಂಕ್ರೀಟಿಗೆ ಉಪ್ಪು ಹಾಕಿದರೆ ಮೇಲ್ಪದರ ಎದ್ದು ಬರುತ್ತದೆ. ಅಲ್ಲಿ ಬರೀ ಮರಳು ಚೆಲ್ಲಿ. ಬಿಸಿನೀರು ಸುರಿಯುವ ಯೋಚನೆಯನ್ನೇ ಬಿಡಿ. ಹತ್ತು ನಿಮಿಷದಲ್ಲಿ ಮೊದಲಿಗಿಂತ ನುಣುಪಾದ ಐಸ್ ಸಿದ್ಧವಾಗಿರುತ್ತದೆ.

ಕಾರು ಮತ್ತು ರಸ್ತೆ

ನಾಲ್ಕೂ ಚಕ್ರಕ್ಕೆ ಬಲ ಸಿಗುವ ಗಾಡಿ ಕೊಂಡರೆ ಚಿಂತೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆ ಬಲ ಹೊರಡಲು ಸಹಾಯ ಮಾಡುತ್ತದೆ. ನಿಲ್ಲಿಸುವುದು ಟೈರ್ ಒಂದೇ. 7 ಡಿಗ್ರಿಗಿಂತ ಕೆಳಗೆ ಬೇಸಿಗೆಯ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತದೆ. ಊರೊಳಗೆ ಮಾತ್ರ ಓಡಾಡುವವರಿಗೆ, ಬದಿಯಲ್ಲಿ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹೂವಿನ ಗುರುತಿರುವ ಆಲ್-ವೆದರ್ ಟೈರ್ ಸಾಕು. ಪ್ರತಿ ವಾರ ಸ್ಕೀಯಿಂಗ್‌ಗೆ ಬೆಟ್ಟ ಹತ್ತುವವರು ಪೂರ್ತಿ ಚಳಿಗಾಲದ ಟೈರನ್ನೇ ಹಾಕಿಸಲಿ. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗಲೆಲ್ಲ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. ಮೊದಲ ಚಳಿಯ ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿದರೆ ಪಂಕ್ಚರ್ ಎಂದು ಗಾಬರಿಯಾಗದೆ ಗಾಳಿ ತುಂಬಿಸಿ.

ಐ-70 ಹೆದ್ದಾರಿಯಲ್ಲಿ ಮಾರಿಸನ್‌ನಿಂದ ಡಾಟ್ಸೆರೊವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ‘ಟ್ರ್ಯಾಕ್ಷನ್’, ಅಂದರೆ ಚಕ್ರದ ಹಿಡಿತದ, ಕಾನೂನು ಜಾರಿಯಲ್ಲಿರುತ್ತದೆ. ಟೈರಿನ ಬಟನ್ ಕನಿಷ್ಠ 3/16 ಇಂಚು, ಹತ್ತಿರ ಹತ್ತಿರ 5 ಮಿಲಿಮೀಟರ್ ಆಳವಿರಬೇಕು. ಎರಡೇ ಚಕ್ರಕ್ಕೆ ಬಲ ಸಿಗುವ ಕಾರಾದರೆ ಚೈನ್ ಅಥವಾ ಟೈರಿಗೆ ತೊಡಿಸುವ ಬಟ್ಟೆಯ ಕವಚ ಡಿಕ್ಕಿಯಲ್ಲಿಟ್ಟುಕೊಂಡೇ ಹೊರಡಿ. ಬೆಚ್ಚಗಿನ ಗ್ಯಾರೇಜಿನಲ್ಲಿ ಎರಡು ಸಲ ತೊಡಿಸಿ ಅಭ್ಯಾಸ ಮಾಡಿಕೊಳ್ಳದಿದ್ದರೆ ರಸ್ತೆ ಬದಿಯ ಗಾಳಿಯಲ್ಲಿ ಬೆರಳು ಆಡುವುದಿಲ್ಲ. ಹೊರಡುವ ಮುನ್ನ ರಾಜ್ಯ ಸಾರಿಗೆ ಇಲಾಖೆಯ ‘ಸಿಓ ಟ್ರಿಪ್’ ತಾಣದಲ್ಲಿ ರಸ್ತೆಯ ಸ್ಥಿತಿ ನೋಡಿ. ಊರಲ್ಲಿ ಚುರುಗುಟ್ಟುವ ಬಿಸಿಲಿದ್ದಾಗಲೂ 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗದ ಬಳಿ ಹಿಮ ಸುರಿಯುತ್ತಿರಬಹುದು.

ಗಾಜು ತೊಳೆಯುವ ದ್ರವದ ಬಗ್ಗೆ ಒಂದೆರಡು ಮಾತು ಹೆಚ್ಚೇ ಹೇಳಬೇಕು. ರಸ್ತೆಗೆ ಸಿಂಪಡಿಸುವ ಮೆಗ್ನೀಷಿಯಂ ಕ್ಲೋರೈಡ್ ಮುಂದಿನ ಗಾಡಿಯ ಚಕ್ರದಿಂದ ಚಿಮ್ಮಿ ನಿಮ್ಮ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಹೋಗುವಾಗ ತಗ್ಗಿನಲ್ಲಿರುವ ಸೂರ್ಯ ಆ ಪೊರೆಗೆ ಬಡಿದರೆ ಎದುರಿಗೆ ಏನೂ ಕಾಣುವುದಿಲ್ಲ. ಆ ಕ್ಷಣದಲ್ಲಿ ದ್ರವ ಮುಗಿದಿದ್ದರೆ ಅಥವಾ ಬೇಸಿಗೆಯದ್ದೇ ಉಳಿದು ಗಟ್ಟಿಯಾಗಿದ್ದರೆ ಕಣ್ಣುಕಟ್ಟಿ ಓಡಿಸಿದಂತೆ. ಮೈನಸ್ 20 ಫ್ಯಾರನ್‌ಹೀಟ್ ಎಂದು ಬರೆದಿರುವ ದ್ರವವನ್ನೇ ತುಂಬಿಸಿ, ಇನ್ನೊಂದು ಗ್ಯಾಲನ್ ಡಿಕ್ಕಿಯಲ್ಲಿಡಿ. ಗಾಜಿನ ಒಳಮೈಯನ್ನೂ ವಾರಕ್ಕೊಮ್ಮೆ ಒರೆಸಿ.

ಡಿಕ್ಕಿಯಲ್ಲಿ ಇರಬೇಕಾದ ಇತರ ವಸ್ತುಗಳು: ಉದ್ದ ಹಿಡಿಯ ಬ್ರಷ್ ಮತ್ತು ಐಸ್ ಕೆರೆಯುವ ಸ್ಕ್ರೇಪರ್, ಸಣ್ಣ ಶವಲ್, ಕಂಬಳಿ, ಬ್ಯಾಟರಿಗೆ ಜಂಪರ್ ಕೇಬಲ್, ಟಾರ್ಚ್, ನೀರು, ಒಣಹಣ್ಣೋ ಚಕ್ಕುಲಿಯೋ ಏನಾದರೂ ತಿನ್ನಲು, ಚಕ್ರ ಹೂತಾಗ ಕೆಳಗೆ ಚೆಲ್ಲಲು ಒಂದು ಚೀಲ ಮರಳು. ಸಿಕ್ಕಿಕೊಂಡರೆ ಮೊದಲು ಸೈಲೆನ್ಸರ್ ಪೈಪಿನ ಬಾಯಿಯ ಹಿಮ ತೆಗೆಯಿರಿ, ಆಮೇಲೆ ಎಂಜಿನ್ ಚಾಲೂ ಮಾಡಿ.

ಓಡಿಸುವಾಗ ಎಲ್ಲವನ್ನೂ ನಿಧಾನಕ್ಕೆ ಮಾಡಬೇಕು. ಮುಂದಿನ ಗಾಡಿಗೂ ನಿಮಗೂ ಎಂಟು ಹತ್ತು ಸೆಕೆಂಡಿನ ಅಂತರವಿರಲಿ. ಸೇತುವೆಗಳು ಮೇಲೂ ಕೆಳಗೂ ಗಾಳಿ ಆಡುವುದರಿಂದ ಎಲ್ಲಕ್ಕಿಂತ ಮೊದಲು ಐಸಾಗುತ್ತವೆ. ಕ್ರೂಸ್ ಕಂಟ್ರೋಲ್ ಹಾಕಬೇಡಿ. ಬ್ರೇಕ್ ಒತ್ತಿದಾಗ ಪೆಡಲ್ ಗಡಗಡ ನಡುಗಿದರೆ ಅದು ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವ ಲಕ್ಷಣ, ಕಾಲು ತೆಗೆಯದೆ ಒತ್ತಿ ಹಿಡಿಯಿರಿ. ಕಾರು ಜಾರಿದರೆ ಆಕ್ಸಲರೇಟರ್ ಬಿಟ್ಟು, ನೀವು ಹೋಗಬೇಕಾದ ಕಡೆಗೆ ದೃಷ್ಟಿಯಿಟ್ಟು ಅತ್ತಲೇ ಸ್ಟೀರಿಂಗ್ ತಿರುಗಿಸಿ. ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಬ್ರೇಕ್ ಹಾಕಿ ಕಲಿಯುವುದು ಹತ್ತು ವಿಡಿಯೋ ನೋಡುವುದಕ್ಕಿಂತ ಮೇಲು.

ಚಳಿಗೆ ಕಾರು ಬಿಸಿಯಾಗಲೆಂದು ಕೀಲಿ ಒಳಗೇ ಬಿಟ್ಟು, ಎಂಜಿನ್ ಚಾಲೂ ಇಟ್ಟು ಮನೆಯೊಳಗೆ ಹೋಗುವುದು ಕೊಲರಾಡೋದಲ್ಲಿ ಕಾನೂನಿಗೆ ವಿರುದ್ಧ. ಕಳ್ಳರು ಕಾಯುವುದೂ ಇಂಥ ಕಾರುಗಳಿಗೇ. ಕೀಲಿಯಿಲ್ಲದೆ ದೂರದಿಂದ ಚಾಲೂ ಮಾಡುವ ಸೌಲಭ್ಯವಿದ್ದರೆ ಬಾಗಿಲು ಲಾಕ್ ಆಗಿರಲಿ. ಮುಚ್ಚಿದ ಗ್ಯಾರೇಜಿನೊಳಗೆ ಮಾತ್ರ ಯಾವ ಕಾರಣಕ್ಕೂ ಬೇಡ.

ಮೈ, ಬಟ್ಟೆ, ಒಣಗಾಳಿ

ಡೆನ್ವರ್ 5,280 ಅಡಿ ಎತ್ತರದಲ್ಲಿದೆ, ಬೆಂಗಳೂರು ಸುಮಾರು 3,000. ಗಾಳಿ ತೆಳು, ತೇವ ಕಡಿಮೆ. ಫರ್ನೆಸ್ ಓಡುವ ಮನೆಯಲ್ಲಿ ಆರ್ದ್ರತೆ ಶೇ. 15ಕ್ಕೆ ಇಳಿಯುತ್ತದೆ. ಹಿಮ್ಮಡಿ, ತುಟಿ, ಬೆರಳ ತುದಿ ಒಡೆಯುತ್ತವೆ, ಫ್ರಿಜ್ ಬಾಗಿಲು ಮುಟ್ಟಿದರೂ ಚಟ್ ಎಂದು ಶಾಕ್ ಹೊಡೆಯುತ್ತದೆ, ಮಕ್ಕಳ ಮೂಗಿನಿಂದ ರಕ್ತ ಬರುತ್ತದೆ. ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸಬಾರದು. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ.

ಆರ್ದ್ರತೆ ಅಳೆಯುವ ಸಣ್ಣ ಮೀಟರ್ ಹತ್ತು ಹದಿನೈದು ಡಾಲರಿಗೆ ಸಿಗುತ್ತದೆ. ಹ್ಯೂಮಿಡಿಫೈಯರ್ ಇಟ್ಟು ಶೇ. 30ರಿಂದ 40ರ ನಡುವೆ ಕಾಯ್ದುಕೊಳ್ಳಿ. ಹೊರಗೆ ಮೈನಸ್ 18 ಮುಟ್ಟಿದ ದಿನ 25ಕ್ಕೆ ಇಳಿಸಿ, ಇಲ್ಲದಿದ್ದರೆ ಕಿಟಕಿಯ ಗಾಜಿನ ಮೇಲೆ ನೀರಿಳಿದು ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ಸ್ನಾನಕ್ಕೆ ಸುಡುನೀರು ಬೇಡ, ಒರೆಸಿಕೊಂಡ ಮೂರು ನಿಮಿಷದೊಳಗೆ ಗಟ್ಟಿ ಕ್ರೀಮ್ ಹಚ್ಚಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಕಲ್ಲಾಗುತ್ತದೆ. ಬಾಟಲಿಯ ಬದಲು ಅಗಲ ಬಾಯಿಯ ಡಬ್ಬಿಯಲ್ಲಿಡಿ, ಅಥವಾ ಎಳ್ಳೆಣ್ಣೆಗೆ ಬದಲಾಯಿಸಿಕೊಳ್ಳಿ.

ಬಂದ ಮೊದಲ ವಾರ ತಲೆನೋವು, ಮೆಟ್ಟಿಲೇರಿದರೆ ಏದುಸಿರು, ನಿದ್ದೆ ಕೆಡುವುದು ಸಾಮಾನ್ಯ. ಬಾಯಾರುವ ತನಕ ಕಾಯದೆ ನೀರು ಕುಡಿಯುತ್ತಿರಿ. ಊರಿನಿಂದ ಬಂದ ಹಿರಿಯರನ್ನು ವಿಮಾನದಿಂದ ಇಳಿದ ಮರುದಿನವೇ ಹಿಮ ತೋರಿಸಲು ಸುಮಾರು 12,000 ಅಡಿ ಎತ್ತರದ ಲವ್‌ಲ್ಯಾಂಡ್ ಘಾಟಿಗೆ ಕರೆದೊಯ್ಯಬೇಡಿ. ಮೂರು ನಾಲ್ಕು ದಿನ ಕಳೆಯಲಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ ಹೊರಡುವ ಮುನ್ನ ಅವರ ವೈದ್ಯರನ್ನೇ ಕೇಳಿ.

ಬಟ್ಟೆ ಪದರ ಪದರವಾಗಿರಲಿ. ಮೈಗೆ ತಾಗುವುದು ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ಕೊರೆಯುತ್ತದೆ. ಬೆಳಿಗ್ಗೆ ಮೈನಸ್ 8, ಮಧ್ಯಾಹ್ನ 12 ಇರುವ ದಿನ ಒಂದೇ ದಪ್ಪ ಕೋಟಿಗಿಂತ ಕಳಚಬಲ್ಲ ಮೂರು ಪದರ ಉಪಯೋಗಕ್ಕೆ ಬರುತ್ತವೆ. ಮಕ್ಕಳಿಗೆ ನೀರು ನುಗ್ಗದ ಹಿಮದ ಪ್ಯಾಂಟು, ಬೂಟು, ಬೆರಳು ಒಟ್ಟಿಗಿರುವ ಮಿಟನ್ ಎರಡು ಜೊತೆ ಬೇಕು. ಚಳಿಯಿದ್ದರೂ ಶಾಲೆಯಲ್ಲಿ ಹೊರಗೆ ಆಡಲು ಬಿಡುತ್ತಾರೆ. ಎಲ್ಲದರ ಮೇಲೂ ಹೆಸರು ಬರೆಯಿರಿ. ಗಾಳಿ ಸೇರಿದ ಚಳಿಯ ಅಂಕಿ ಮೈನಸ್ 28 ಸೆಲ್ಸಿಯಸ್ ಮುಟ್ಟಿದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಮರಗಟ್ಟಿ ಹಾನಿಯಾಗುತ್ತದೆ.

ಚಳಿಯಿದ್ದಾಗಲೂ ಬಿಸಿಲು ಸುಡುತ್ತದೆ. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣ ಸುಮಾರು ಶೇ. 10 ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ. 80ರವರೆಗೆ ತಿರುಗಿ ಮುಖಕ್ಕೇ ಎರಚುತ್ತದೆ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಜನವರಿಗೂ ಬೇಕು. ಗಲ್ಲದ ಕೆಳಗೂ ಹಚ್ಚಿ.

ಅಡುಗೆಮನೆ

ಇಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬಹಳ ಹೊತ್ತು ಕಾಳು ಕಾಳಾಗಿಯೇ ಉಳಿಯುತ್ತದೆ. ಕುಕ್ಕರಿನಲ್ಲೂ ಬೆಂಗಳೂರಿನ ಲೆಕ್ಕಕ್ಕಿಂತ ಒಂದು ಕೂಗು ಹೆಚ್ಚು ಬೇಕು. ನಿಮಿಷದಲ್ಲಿ ಅಳೆಯುವ ವಿದ್ಯುತ್ ಕುಕ್ಕರ್ ಆದರೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಶೇ. 15 ಹೆಚ್ಚು ಸಮಯ ಕೊಡಿ. ರಾಜ್ಮಾ, ಕಡಲೆಯನ್ನು ಹಿಂದಿನ ರಾತ್ರಿಯೇ ನೆನೆಸಿ.

ದೋಸೆ ಹಿಟ್ಟು ಉಬ್ಬದಿರುವುದು ಈ ಊರಿನ ಪ್ರತಿ ಕನ್ನಡ ಮನೆಯ ಚಳಿಗಾಲದ ದೂರು. ಕಾರಣ ಎರಡು: ಅಡುಗೆಮನೆ 18-20 ಡಿಗ್ರಿ, ನಲ್ಲಿಯ ನೀರು ಫ್ರಿಜ್ ನೀರಿನಷ್ಟೇ ತಣ್ಣಗೆ. ಅಕ್ಕಿ, ಉದ್ದು, ಒಂದು ಚಮಚ ಮೆಂತ್ಯವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ರುಬ್ಬುವಾಗಲೂ ಅದೇ ನೀರು ಹಾಕಿ. ರುಬ್ಬಿದ ಮೇಲೆ ಕೈಯಿಂದಲೇ ಎರಡು ನಿಮಿಷ ಕಲಸಿ. ಪಾತ್ರೆಯನ್ನು ಅರ್ಧ ಮಾತ್ರ ತುಂಬಿ, ಕೆಳಗೊಂದು ತಟ್ಟೆಯಿಟ್ಟು ಓವನ್ನಿನೊಳಗೆ ಸೇರಿಸಿ, ಒಳಗಿನ ದೀಪವೊಂದನ್ನು ಹೊತ್ತಿಸಿ ಬಾಗಿಲು ಮುಚ್ಚಿ. ಆ ದೀಪದ ಶಾಖಕ್ಕೆ ಒಳಗೆ ಮೂವತ್ತರ ಹತ್ತಿರ ಬರುತ್ತದೆ. 12ರಿಂದ 14 ಗಂಟೆಯಲ್ಲಿ ಹಿಟ್ಟು ಎದ್ದು ಮೇಲೆ ಗುಳ್ಳೆ ಒಡೆಯುತ್ತಿರುತ್ತದೆ. ಓವನ್ ಗುಬ್ಬಿಗೆ ‘ಒಳಗೆ ಹಿಟ್ಟಿದೆ’ ಎಂಬ ಚೀಟಿ ಅಂಟಿಸಲು ಮರೆಯಬೇಡಿ. ನೋಡದೆ ಓವನ್ ಹಚ್ಚಿದರೆ ಹಿಟ್ಟೂ ಹೋಯಿತು, ಪ್ಲಾಸ್ಟಿಕ್ ಮುಚ್ಚಳವೂ ಹೋಯಿತು. ಓವನ್ನಿನ ದೀಪ ಹೊಸ ಎಲ್‌ಇಡಿ ಆಗಿದ್ದರೆ ಶಾಖ ಸಾಲದು. ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರಿಟ್ಟು ನಾಲ್ಕು ಗಂಟೆಗೊಮ್ಮೆ ಬದಲಿಸಿ. ಮೊಸರಿಗೂ ಇದೇ ಜಾಗ, ಇದೇ ಕ್ರಮ, ಆರೆಂಟು ಗಂಟೆ ಸಾಕು.

ಮರಗಿಡ ಮತ್ತು ಚಳಿಯ ಕೊನೆ

ಚಳಿಗಾಲದಲ್ಲಿ ಮರಕ್ಕೆ ನೀರೇಕೆ ಎನಿಸಬಹುದು. ಇಲ್ಲಿ ವಾರಗಟ್ಟಲೆ ಹಿಮವಿಲ್ಲದೆ ಒಣಬಿಸಿಲಿರುವುದರಿಂದ ಎಳೆಯ ಮರಗಳ ಬೇರು ಒಣಗಿ ಸಾಯುತ್ತದೆ, ಅದು ಗೊತ್ತಾಗುವುದು ಜೂನ್‌ನಲ್ಲಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನೆಲದ ಮೇಲೆ ಹಿಮವಿಲ್ಲದ, 4 ಡಿಗ್ರಿಗಿಂತ ಬೆಚ್ಚಗಿನ ಮಧ್ಯಾಹ್ನ ನೋಡಿ ತಿಂಗಳಿಗೆ ಒಂದೆರಡು ಸಲ ನೀರುಣಿಸಿ. ಕಾಂಡದ ದಪ್ಪ ಒಂದು ಇಂಚಿಗೆ 10 ಗ್ಯಾಲನ್, ಅಂದರೆ 38 ಲೀಟರ್ ಲೆಕ್ಕ. ಮುಗಿದ ಮೇಲೆ ಹೋಸ್ ಮತ್ತೆ ಬಿಚ್ಚಿಡಿ. ಏಪ್ರಿಲ್, ಮೇ ತಿಂಗಳ ಒದ್ದೆ ಹಿಮ ಚಿಗುರಿದ ಕೊಂಬೆಗಳ ಮೇಲೆ ಕೂತು ಮುರಿಯುತ್ತದೆ. ಹಿಮ ಬೀಳುತ್ತಿರುವಾಗಲೇ ಉದ್ದ ಕೋಲಿನ ಪೊರಕೆಯಿಂದ ಕೊಂಬೆಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಕೊಡವಿ. ಮೇಲಿಂದ ಬಡಿದರೆ ನೀವೇ ಮುರಿದಂತಾಗುತ್ತದೆ.

ಟೊಮ್ಯಾಟೊ, ಬದನೆ, ಮೆಣಸಿನ ಸಸಿಗಳನ್ನು ಮೇ ಎರಡನೆಯ ಭಾನುವಾರ ಬರುವ ತಾಯಂದಿರ ದಿನಕ್ಕಿಂತ ಮೊದಲು ನೆಲಕ್ಕೆ ನೆಡಬಾರದು ಎಂಬುದು ಇಲ್ಲಿನ ತೋಟಗಾರರ ಹಳೆಯ ಲೆಕ್ಕ. ಕರಿಬೇವಿನ ಕುಂಡವೂ ಆಮೇಲೆಯೇ ಹೊರಗೆ ಬರಲಿ. ಏಳೆಂಟು ತಿಂಗಳು ಕಿಟಕಿಯ ಹಿಂದಿದ್ದ ಎಲೆಗೆ ಈ ಎತ್ತರದ ಬಿಸಿಲು ಒಮ್ಮೆಲೇ ತಾಗಿದರೆ ಬಿಳಿಚಿ ಸುಡುತ್ತದೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಮರುದಿನ ಎರಡು, ಹೀಗೆ ಹತ್ತು ದಿನ ಏರಿಸಿಕೊಂಡು ಹೋಗಿ. ಅಲ್ಲಿಯವರೆಗೆ ಪ್ರತಿ ಸಂಜೆ ಒಳಗೆ ತನ್ನಿ.